ನೂಲಿನ ಮಾತು: ಪೆಪ್ಸಿ ಕ್ಯಾಂಡಿಗೊಂದು ಕ್ರೋಶಾ ಗವಸು

ಮಕ್ಕಳು ಚೀಪುವ, ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪುಗಟ್ಟಿದ ಪೆಪ್ಸಿ ಕ್ಯಾಂಡಿಯನ್ನು ಹಿಡಿಯಲು ಕ್ರೋಶಾದಲ್ಲಿ, ಅಂದರೆ ಕೊಕ್ಕೆಸೂಜಿಯ ಹೆಣಿಗೆಯಲ್ಲಿ, ನೂಲಿನ ಗವಸೊಂದನ್ನು ಹೆಣೆದುಕೊಂಡರೆ ತೊಳೆದು ವರ್ಷಗಟ್ಟಲೆ ಬಳಸಬಹುದು ಎಂದು ಕಳೆದ ತಿಂಗಳ ಅಂಕಣದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೆ. ಅದರ ಹಿಂದಿನ ತಿಂಗಳು ಸ್ವೆಟರಿನ ಕುತ್ತಿಗೆಯ ಕುರಿತು ಎರಡು ಪುಟ ಬರೆದಾಗ ಬಂದದ್ದಕ್ಕಿಂತ ಹೆಚ್ಚು ಪತ್ರಗಳು ಈ ಒಂದು ಸಾಲಿಗೆ ಬಂದಿವೆ. ಮುಂಬಯಿಯಲ್ಲಿ ಕುಳಿತು ಮಾರ್ಚ್ ತಿಂಗಳಲ್ಲಿ ಸ್ವೆಟರಿನ ಮಾತೆತ್ತಿದವಳಿಗೆ ಇದು ಆಗಬೇಕಾದದ್ದೇ. ಪತ್ರಗಳಲ್ಲಿ ಹಲವು ಒಂದೇ ಪ್ರಶ್ನೆಯನ್ನು ಕೇಳಿರುವುದರಿಂದ ಆಯ್ದ ಕೆಲವಕ್ಕೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ರಜೆಗೆ ಬಂದಿರುವ ಇಬ್ಬರು ಮೊಮ್ಮಕ್ಕಳು ದಿನಕ್ಕೆರಡು ಪೆಪ್ಸಿ ತಿನ್ನುತ್ತಾರೆ. ಕೈ ಕೊರೆಯುತ್ತದೆಂದು ಒಮ್ಮೆ ಕರವಸ್ತ್ರ, ಒಮ್ಮೆ ನನ್ನ ಸೀರೆಯ ಸೆರಗು. ನನಗೆ ಕ್ರೋಶಾದಲ್ಲಿ ತೋರಣ, ಮೇಜಿನ ಹಾಸು ಮಾಡಿ ಅಭ್ಯಾಸವಿದೆ. ಕೊಳವೆಯ ಆಕಾರವನ್ನು ಹೆಣೆದು ಗೊತ್ತಿಲ್ಲ. ಅಳತೆ ಸಹಿತ ತಿಳಿಸಿ. (ಡೊಂಬಿವಲಿಯ ಓದುಗರು)

ಉತ್ತರ: ಪೆಪ್ಸಿ ಎಂಬ ಹೆಸರು ಒಂದು ಕಂಪನಿಯ ಪಾನೀಯದ್ದಾದರೂ, ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಬಣ್ಣದ ಸಿಹಿನೀರನ್ನು ಹೆಪ್ಪುಗಟ್ಟಿಸಿ ಮಾರುವ ಈ ತಿನಿಸಿಗೂ ಆ ಪಾನೀಯಕ್ಕೂ ಸಂಬಂಧವಿಲ್ಲ, ಆದರೂ ಇಲ್ಲಿಯ ಗಲ್ಲಿಗಳಲ್ಲಿ ಮಕ್ಕಳ ಬಾಯಲ್ಲಿ ಅದೇ ಹೆಸರು ನಿಂತುಬಿಟ್ಟಿದೆ. ಮೇಜಿನ ಹಾಸನ್ನು ನಡುವಿನಿಂದ ಸುತ್ತುಸುತ್ತಾಗಿ ಹೆಣೆದು ಬಲ್ಲವರಿಗೆ ಈ ಗವಸು ಹೊಸದೇನೂ ಅಲ್ಲ. ಹಾಸು ಚಪ್ಪಟೆಯಾಗಿರಬೇಕೆಂದು ಪ್ರತಿ ಸುತ್ತಿನಲ್ಲೂ ಕಂಬಗಳನ್ನು (ಸೂಜಿಯಿಂದ ಹಾಕುವ ಒಂದೊಂದು ಹೆಣಿಗೆಯನ್ನು) ಹೆಚ್ಚಿಸುತ್ತ ಹೋಗುತ್ತೀರಿ. ಇಲ್ಲಿ ಮೂರನೆಯ ಸುತ್ತು ಮುಗಿದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿಬಿಟ್ಟರೆ ಅಂಚು ತಾನಾಗಿ ಮೇಲಕ್ಕೆ ಏಳುತ್ತದೆ, ಕೊಳವೆ ತಾನಾಗಿ ಬೆಳೆಯುತ್ತದೆ.

ಮೊದಲು ಅಳತೆ. ತಿಂದು ಮುಗಿಸಿದ ಖಾಲಿ ಕೊಳವೆಯೊಂದನ್ನು ತೊಳೆದು, ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ಅದರ ಅಗಲವನ್ನು ಅಳೆದು ಎರಡರಿಂದ ಗುಣಿಸಿ; ಬರುವುದೇ ಗವಸಿನ ಸುತ್ತಳತೆ. ಅಗಲ 4.5 ಸೆಂಟಿಮೀಟರ್ ಇದ್ದರೆ ಸುತ್ತಳತೆ 9 ಸೆಂಟಿಮೀಟರ್. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದಲ್ಲವೇ, ಅದಕ್ಕೆ ಜಾಗ ಬಿಡಬೇಕಲ್ಲವೇ ಎಂದು ಇನ್ನೊಬ್ಬರು ಕೇಳಿದ್ದಾರೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದು ನಿಜ. ಆದರೆ ಪ್ಲಾಸ್ಟಿಕ್ ಅಷ್ಟಾಗಿ ಹಿಗ್ಗುವುದಿಲ್ಲವಾದ್ದರಿಂದ ಕೊಳವೆಯ ಸುತ್ತಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. ಜಾಗ ಬಿಡಬೇಕಾದದ್ದು ಗವಸಿನಲ್ಲಲ್ಲ, ಮನೆಯಲ್ಲೇ ಪಾನಕ ತುಂಬುವವರಾದರೆ ಕೊಳವೆಯ ಒಳಗೆ. ಕಂಠಮಟ್ಟ ತುಂಬಿದರೆ ಅಂಟಿಸಿದ ಬಾಯಿ ಫ್ರೀಜರಿನಲ್ಲೇ ಬಿರಿಯುತ್ತದೆ.

ನೂಲು 4 ಎಳೆಯ ಹೆಣಿಗೆ ನೂಲಾಗಿರಲಿ, ಸೂಜಿ 3.5 ಮಿಲಿಮೀಟರಿನದಾಗಿರಲಿ. ನೀವು ತೋರಣಕ್ಕೆ ಬಳಸುವ ಸಣ್ಣ ಉಕ್ಕಿನ ಸೂಜಿ ಇಲ್ಲಿ ನಡೆಯದು. ಉಕ್ಕಿನ ಸೂಜಿಗಳ ಮೇಲಿನ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣದಾಗುತ್ತದೆ ಎಂಬುದನ್ನು ಮರೆತು ಅಂಗಡಿಯಲ್ಲಿ ಸಂಖ್ಯೆ ಹೇಳಿ ಕೇಳಬೇಡಿ, ಮಿಲಿಮೀಟರ್ ಹೇಳಿಯೇ ಕೇಳಿ. ಈ ನೂಲು ಮತ್ತು ಈ ಸೂಜಿಯಲ್ಲಿ ನನ್ನ ಕೈಗೆ ಒಂದು ಸೆಂಟಿಮೀಟರಿಗೆ ಎರಡು ಗಿಡ್ಡ ಕಂಬಗಳು ಬರುತ್ತವೆ; ಹಾಗಾಗಿ 9 ಸೆಂಟಿಮೀಟರಿಗೆ 18 ಕಂಬಗಳು. ನಿಮ್ಮ ಕೈ ಬಿಗಿಯೋ ಸಡಿಲವೋ ನನಗೆ ತಿಳಿಯದಾದ್ದರಿಂದ ಅಂಗೈಯಗಲದ ತುಂಡೊಂದನ್ನು ಮೊದಲು ಹೆಣೆದು ಎಣಿಸಿಕೊಳ್ಳಿ. ಗಿಡ್ಡ ಕಂಬವೆಂದರೆ, ಕೆಳಗಿನ ಕಂಬದ ತಲೆಯ ಎರಡೂ ಎಳೆಗಳ ಅಡಿಯಿಂದ ಸೂಜಿ ತೂರಿಸಿ, ನೂಲನ್ನು ಎಳೆದುಕೊಂಡು, ಸೂಜಿಯ ಮೇಲಿರುವ ಎರಡು ಕುಣಿಕೆಗಳ ಮೂಲಕ ನೂಲನ್ನು ಮತ್ತೊಮ್ಮೆ ಒಟ್ಟಿಗೇ ಎಳೆಯುವುದು. ಸೂಜಿಗೆ ಮೊದಲೇ ನೂಲು ಸುತ್ತಿಕೊಳ್ಳುವಂತಿಲ್ಲ.

ಬೆರಳಿಗೆ ನೂಲನ್ನು ಎರಡು ಸುತ್ತು ಸುತ್ತಿ ಆ ಉಂಗುರದೊಳಗೆ 6 ಗಿಡ್ಡ ಕಂಬಗಳನ್ನು ಹಾಕಿ. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡೆರಡು ಹಾಕಿದರೆ 12 ಆಗುತ್ತದೆ; ಮೂರನೆಯ ಸುತ್ತಿನಲ್ಲಿ ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು, ಹೀಗೆ ಹೋದರೆ 18. ನಿಮ್ಮ ಕೊಳವೆಗೆ 20 ಬೇಕಾದರೆ ನಾಲ್ಕನೆಯ ಸುತ್ತಿನಲ್ಲಿ ಎದುರುಬದುರಾಗಿ ಎರಡು ಕಡೆ ಒಂದೊಂದನ್ನು ಹೆಚ್ಚಿಸಿದರಾಯಿತು. ಆಮೇಲೆ ಹೆಚ್ಚಿಸದೆ, ಸುತ್ತನ್ನು ಮುಚ್ಚದೆ, ಸುರುಳಿಯಂತೆ ಮೇಲಕ್ಕೆ ಹೋಗುತ್ತಿರಿ. ಪ್ರತಿ ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಬೇರೆ ಬಣ್ಣದ ನೂಲಿನ ತುಣುಕೊಂದನ್ನು ಅಲ್ಲಿ ಸಿಕ್ಕಿಸಿಟ್ಟುಕೊಳ್ಳಿ. ಗವಸು ಕ್ಯಾಂಡಿಯ ಉದ್ದದ ಮೂರರಲ್ಲಿ ಎರಡು ಭಾಗವಿದ್ದರೆ ಸಾಕು: 20 ಸೆಂಟಿಮೀಟರಿನ ಕ್ಯಾಂಡಿಗೆ 13 ಸೆಂಟಿಮೀಟರ್, ಅಂದರೆ 28ರಿಂದ 30 ಸುತ್ತು. ಕೊನೆಗೆ ಒಂದೆರಡು ಕಂಬಗಳನ್ನು ಜಾರುಕುಣಿಕೆಯಾಗಿ (ಎಳೆದ ನೂಲನ್ನು ಸೂಜಿಯ ಮೇಲಿನ ಕುಣಿಕೆಯ ಮೂಲಕವೂ ಒಮ್ಮೆಲೇ ಎಳೆದು) ಇಳಿಸಿ ನೂಲನ್ನು ಕತ್ತರಿಸಿ, ತುದಿಯನ್ನು ದಪ್ಪ ಸೂಜಿಯಿಂದ ಒಳಗೆ ಹುದುಗಿಸಿ.

ತಳದ ಉಂಗುರವನ್ನು ಪೂರ್ತಿ ಬಿಗಿಯಬೇಕೇ ಎಂಬಲ್ಲಿ ಹೆಣೆಯುವವರಲ್ಲಿ ಎರಡು ಪಂಗಡಗಳಿವೆ. ಪೂರ್ತಿ ಮುಚ್ಚಿದರೆ ಇಳಿದ ನೀರೆಲ್ಲ ತಳದಲ್ಲಿ ನಿಂತು ತೊಟ್ಟಿಕ್ಕುತ್ತದೆ. ಪೂರ್ತಿ ತೆರೆದಿಟ್ಟರೆ ಸಣ್ಣ ಮಕ್ಕಳ ಕೈಯಿಂದ ಕ್ಯಾಂಡಿ ಕೆಳಗೆ ಜಾರುತ್ತದೆ. ಪೆನ್ಸಿಲ್ ತೂರುವಷ್ಟು ರಂಧ್ರವನ್ನು ಉಳಿಸಿ ಉಂಗುರವನ್ನು ಗಂಟು ಹಾಕುವುದು ನನ್ನ ರೂಢಿ. ನೀರೂ ಇಳಿದುಹೋಗುತ್ತದೆ, ಕೊನೆಯ ತುಂಡನ್ನು ಮಗು ಕೆಳಗಿನಿಂದ ಬೆರಳಲ್ಲಿ ಒತ್ತಿ ಮೇಲಕ್ಕೆ ತರಲೂ ಬರುತ್ತದೆ. ಇನ್ನೊಂದು ಮಾತು: ಫ್ರೀಜರಿನಲ್ಲಿ ಕ್ಯಾಂಡಿಗಳನ್ನು ನೆಟ್ಟಗೆ ಮಲಗಿಸಿಡಿ. ಮೂಲೆಯಲ್ಲಿ ತುರುಕಿ ಬಾಗಿಸಿಟ್ಟು ಹೆಪ್ಪುಗಟ್ಟಿದ ಕ್ಯಾಂಡಿ ಯಾವ ಗವಸಿಗೂ ಇಳಿಯದು, ದೋಷ ಮಾತ್ರ ಹೆಣೆದವರ ತಲೆಗೆ ಬರುತ್ತದೆ.

ಪ್ರಶ್ನೆ: ಹತ್ತಿ ನೂಲಿನಲ್ಲಿ ಅಂದವಾಗಿಯೇ ಹೆಣೆದೆ. ಐದು ನಿಮಿಷದಲ್ಲಿ ಗವಸು ತೊಯ್ದು ತೊಪ್ಪೆಯಾಗಿ ಮಗನ ಕೈ ಮೊದಲಿನಂತೆಯೇ ತಣ್ಣಗಾಗುತ್ತದೆ. ಪುಣೆಯಲ್ಲಿರುವ ನನ್ನ ಅಕ್ಕ ಅದೇ ನೂಲಿನಲ್ಲಿ, ಅದೇ ಅಳತೆಯಲ್ಲಿ ಮಾಡಿದ ಗವಸು ಒದ್ದೆಯಾಗುವುದೇ ಇಲ್ಲವಂತೆ. ನನ್ನ ಹೆಣಿಗೆಯಲ್ಲೇನಾದರೂ ತಪ್ಪಿದೆಯೇ? (ಮುಲುಂಡಿನ ಓದುಗರು)

ಉತ್ತರ: ತಪ್ಪು ನಿಮ್ಮದಲ್ಲ, ನಿಮ್ಮ ಊರಿನ ಗಾಳಿಯದು. ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಕ್ಯಾಂಡಿಯ ಹೊರಮೈಯಲ್ಲಿ ಮೂಡುವ ನೀರು ಒಳಗಿನಿಂದ ಜಿನುಗಿದ್ದಲ್ಲ. ಗಾಳಿಯಲ್ಲಿರುವ ಆವಿ ತಣ್ಣನೆಯ ಮೈ ತಗುಲಿ ಹನಿಯಾದದ್ದು. ಬೇಸಿಗೆಯ ಬೆಳಗ್ಗೆ ಫ್ರಿಜ್ಜಿನಿಂದ ತೆಗೆದ ನೀರಿನ ಚೊಂಬು ಬೆವರುವುದೂ ಇದೇ ಕಾರಣಕ್ಕೆ. ಗಾಳಿಯಲ್ಲಿ ಆವಿ ಎಷ್ಟು ಹೆಚ್ಚೋ ಬೆವರೂ ಅಷ್ಟು ಹೆಚ್ಚು. ಮುಂಬಯಿ, ಠಾಣೆ, ಗೋವಾಗಳಲ್ಲಿ ಏಪ್ರಿಲ್–ಮೇ ತಿಂಗಳ ಗಾಳಿ ಸಮುದ್ರದ ತೇವವನ್ನು ಹೊತ್ತುಕೊಂಡೇ ಇರುತ್ತದೆ. ಘಟ್ಟ ಹತ್ತಿ ಪುಣೆ ತಲುಪಿದರೆ ಬಿಸಿಲು ಇಲ್ಲಿಗಿಂತ ಚುರುಕಾಗಿದ್ದರೂ ಹಗಲಿನ ಗಾಳಿ ಒಣಗಾಳಿ. ಅಲ್ಲಿ ಹನಿ ಕಟ್ಟುವುದೂ ಕಡಿಮೆ, ಕಟ್ಟಿದ್ದು ಆರುವುದೂ ಬೇಗ. ನಿಮ್ಮ ಅಕ್ಕನವರು ಜೂನ್ ಕೊನೆಯಲ್ಲಿ ಅದೇ ಗವಸನ್ನು ಬಳಸಿ ನೋಡಲಿ, ಆಗ ಅವರಿಂದಲೂ ನನಗೊಂದು ಪತ್ರ ಬಂದೀತು.

ಈಗ ಕೈ ಮತ್ತೆ ತಣ್ಣಗಾಗುವುದರ ವಿಚಾರ. ಮನೆಯ ಫ್ರೀಜರು ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಅಷ್ಟು ತಣ್ಣನೆಯ ಕ್ಯಾಂಡಿಗೂ ಕೈಗೂ ನಡುವೆ ಗವಸು ಒಡ್ಡುವ ತಡೆ ನೂಲಿನದಕ್ಕಿಂತ ಹೆಚ್ಚಾಗಿ ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಗವಸು ತೊಯ್ದಾಗ ಆ ಗಾಳಿಯ ಜಾಗವನ್ನೆಲ್ಲ ನೀರು ಹಿಡಿಯುತ್ತದೆ, ಮತ್ತು ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ತೊಯ್ದ ಹತ್ತಿಯ ಗವಸು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಎಂದು ನಿಮಗೆ ಅನಿಸಿದ್ದರೆ ಅದು ಸರಿಯಾದ ಅನುಭವವೇ.

ಆದ್ದರಿಂದ ಕರಾವಳಿಯಲ್ಲಿರುವವರು ನೂಲನ್ನು ಆರಿಸುವಾಗ ಚಳಿಯನ್ನು ತಡೆಯುವುದು ಯಾವುದು ಎಂದು ಕೇಳುವುದಕ್ಕಿಂತ ನೀರನ್ನು ಹಿಡಿದಿಟ್ಟುಕೊಳ್ಳದಿರುವುದು ಯಾವುದು ಎಂದು ಕೇಳುವುದು ಲೇಸು. ಸಾಧಾರಣ ತೇವದ ಗಾಳಿಯಲ್ಲಿ ಒಣ ಹತ್ತಿ ತನ್ನ ತೂಕದ ಸುಮಾರು ಶೇಕಡಾ 8ರಷ್ಟು, ಕುರಿಯ ಉಣ್ಣೆ 16ರ ಆಸುಪಾಸು ತೇವವನ್ನು ಎಳೆಯ ಒಳಗೇ ಹೀರಿಕೊಂಡಿರುತ್ತವೆ. ಆಕ್ರಿಲಿಕ್ಕಿನಲ್ಲಿ ಅದು 2ನ್ನೂ ಮುಟ್ಟುವುದಿಲ್ಲ. ಆಕ್ರಿಲಿಕ್ ನೂಲಿನ ಗವಸಿನಲ್ಲೂ ಹನಿಗಳು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆಯಾದರೂ ಎರಡು ಸಲ ಜಾಡಿಸಿದರೆ ಉದುರುತ್ತವೆ, ಕಿಟಕಿಯಲ್ಲಿ ತೂಗಿಬಿಟ್ಟರೆ ಸಂಜೆಯೊಳಗೆ ಒಣಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಆಕ್ರಿಲಿಕ್ ಬೇಡವೇ ಬೇಡ, ಶಾಖಕ್ಕೆ ಕರಗುತ್ತದೆ ಎಂದು ಇದೇ ಅಂಕಣದಲ್ಲಿ ಹಿಂದೆ ಎಚ್ಚರಿಸಿದ್ದೆ. ತಣ್ಣನೆಯ ಕೆಲಸಕ್ಕೆ ಆ ಭಯವಿಲ್ಲ. ಉಣ್ಣೆ ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ, ನಿಜ. ಆದರೆ ಸಕ್ಕರೆ ನೀರು ಸೋಕಿದ್ದನ್ನು ದಿನಕ್ಕೊಮ್ಮೆ ಮನಬಂದಂತೆ ಉಜ್ಜಿ ತೊಳೆದರೆ ಅದು ಕುಗ್ಗಿ ಬೊಂಬೆಯ ಟೊಪ್ಪಿಗೆಯಾದೀತು.

ನೀವು ಮಾಡಿರುವ ಹತ್ತಿಯ ಗವಸನ್ನು ಎಸೆಯಬೇಡಿ. ಅದರೊಳಗೆ ಕೂರುವಂತೆ, ಎರಡು ಕಂಬ ಕಡಿಮೆ ಮಾಡಿ, ಆಕ್ರಿಲಿಕ್ಕಿನಲ್ಲಿ ಇನ್ನೊಂದನ್ನು ಹೆಣೆದು ಒಂದರೊಳಗೊಂದು ತೂರಿಸಿ. ಒಳಪದರ ಕ್ಯಾಂಡಿಯ ಬೆವರನ್ನು ಕೈಯಿಂದ ದೂರವಿಡುತ್ತದೆ, ಹೊರಗಿನ ಹತ್ತಿ ಮಗುವಿನ ಅಂಗೈಗೆ ಮೃದುವಾಗಿರುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಒಂದು ಗ್ರಾಂ ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಏಳು ಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸಾಕು; ಅಂದರೆ ಬರಿಗೈಯಲ್ಲಿ ಹಿಡಿದ ಕ್ಯಾಂಡಿಯನ್ನು ನಮ್ಮ ಕೈಯ ಬಿಸಿಯ ಜೊತೆಗೆ ಅದರ ಮೈಮೇಲೆ ಕಟ್ಟುವ ಬೆವರೂ ಕರಗಿಸುತ್ತಿರುತ್ತದೆ. ತೇವದ ಗಾಳಿ ನೇರವಾಗಿ ಅದರ ಮೈ ಮುಟ್ಟದಂತೆ ಎರಡು ಪದರ ಅಡ್ಡ ನಿಂತರೆ ಕರಗುವುದೂ ನಿಧಾನವಾಗುತ್ತದೆ.

ಪ್ರಶ್ನೆ: ನಮ್ಮತ್ತೆಯವರ ಕಾಲದ ಇಂಗ್ಲಿಷ್ ಹೆಣಿಗೆ ಪುಸ್ತಕದಲ್ಲಿ ಬಾಟಲಿಯ ಗವಸೊಂದಿತ್ತು, ಅದನ್ನೇ ಕಿರಿದಾಗಿಸಿ ಮಾಡಿದೆ. ‘ಡಬಲ್ ಕ್ರೋಶೆ’ ಎಂದಿದ್ದಲ್ಲೆಲ್ಲ ವಿಡಿಯೊ ನೋಡಿ ಡಬಲ್ ಕ್ರೋಶೆಯನ್ನೇ ಹಾಕಿದೆ. ಗವಸು ಮೀನಿನ ಬಲೆಯಂತಾಗಿ, ಉದ್ದ ಎರಡರಷ್ಟಾಯಿತು. ಪಕ್ಕದ ಮನೆಯ ಮರಾಠಿ ಆಂಟಿ ‘ಮುಕಾ ಖಾಂಬ್ ಹಾಕಬೇಕಿತ್ತು’ ಎನ್ನುತ್ತಾರೆ. ಯಾರ ಮಾತು ಸರಿ? (ಪುಣೆಯ ಕೋಥರೂಡಿನ ಓದುಗರು)

ಉತ್ತರ: ಆಂಟಿಯ ಮಾತೇ ಸರಿ. ಬ್ರಿಟಿಷರ ಪುಸ್ತಕಗಳೂ ಅಮೆರಿಕದವರ ವಿಡಿಯೊಗಳೂ ಒಂದೇ ಹೆಸರನ್ನು ಬೇರೆ ಬೇರೆ ಕಂಬಗಳಿಗೆ ಇಟ್ಟಿವೆ. ಬ್ರಿಟಿಷರು ಡಬಲ್ ಕ್ರೋಶೆ ಎನ್ನುವುದು ಅಮೆರಿಕದವರ ಸಿಂಗಲ್ ಕ್ರೋಶೆ, ಅಂದರೆ ಮೇಲೆ ನಾನು ಹೇಳಿದ ಗಿಡ್ಡ ಕಂಬ. ಅಮೆರಿಕದವರು ಡಬಲ್ ಎನ್ನುವುದನ್ನು ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ, ಅದು ಸೂಜಿಗೆ ನೂಲನ್ನು ಒಮ್ಮೆ ಸುತ್ತಿಕೊಂಡು ಹಾಕುವ ಉದ್ದ ಕಂಬ. ನಿಮ್ಮತ್ತೆಯವರ ಪುಸ್ತಕ ಬ್ರಿಟಿಷ್ ಪದ್ಧತಿಯದೆಂಬುದು ನಿಮ್ಮ ಗವಸಿನ ಉದ್ದದಿಂದಲೇ ತಿಳಿಯುತ್ತದೆ. ಮುಂದೆ ಯಾವ ನಮೂನೆ ಸಿಕ್ಕರೂ ಮೊದಲು ಅದರಲ್ಲಿ ‘ಸಿಂಗಲ್ ಕ್ರೋಶೆ’ ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಹುಡುಕಿ; ಇದ್ದರೆ ಅದು ಅಮೆರಿಕದ್ದು, ಏಕೆಂದರೆ ಈಗಿನ ಬ್ರಿಟಿಷ್ ಪದ್ಧತಿಯಲ್ಲಿ ಸಿಂಗಲ್ ಎಂಬ ಕಂಬವೇ ಇಲ್ಲ.

ಮರಾಠಿ ಹೆಂಗಸರ ಪದಗಳು ನನಗೆ ಇವೆರಡಕ್ಕಿಂತ ಹೆಚ್ಚು ಇಷ್ಟ. ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿಗೆ ಸಾಖಳಿ, ಉದ್ದನೆಯದಕ್ಕೆ ಖಾಂಬ್, ಗಿಡ್ಡದ್ದಕ್ಕೆ ಮುಕಾ ಖಾಂಬ್, ಅಂದರೆ ಮೂಕ ಕಂಬ. ಕೇಳಿದ ತಕ್ಷಣ ಆಕಾರ ಕಣ್ಣಿಗೆ ಕಟ್ಟುತ್ತದೆ, ಗೊಂದಲಕ್ಕೆ ಎಡೆಯಿಲ್ಲ. ನಾವು ಕನ್ನಡದಲ್ಲಿ ಕಂಬ ಎಂದು ಬಳಸುತ್ತಿರುವುದೂ ಅದರ ನೆರೆಯ ಮಾತೇ. ಬಲೆಯಂತಾದ ಗವಸನ್ನು ಬಿಚ್ಚುವ ಅಗತ್ಯವಿಲ್ಲ. ಅದರಲ್ಲಿ ಮಾವಿನಹಣ್ಣು ಹಾಕಿ ತೂಗುಹಾಕಿ.

ಪ್ರಶ್ನೆ: ನಮ್ಮಲ್ಲಿ ಮಕ್ಕಳು ಕೊಳವೆಯ ಪೆಪ್ಸಿಗಿಂತ ಕಡ್ಡಿಯ ಐಸ್‌ಕ್ಯಾಂಡಿ, ಕುಲ್ಫಿಗಳನ್ನೇ ಹೆಚ್ಚು ತಿನ್ನುತ್ತಾರೆ. ಅದು ಕರಗಿ ಮೊಣಕೈವರೆಗೆ ಹರಿಯುತ್ತದೆ. ಇದಕ್ಕೂ ಕ್ರೋಶಾದಲ್ಲಿ ಏನಾದರೂ ಮಾಡಬಹುದೇ? (ಗೋವಾದ ವಾಸ್ಕೊದ ಓದುಗರು)

ಉತ್ತರ: ಮಾಡಬಹುದು, ಆದರೆ ಗವಸಲ್ಲ. ಕಡ್ಡಿಯ ಕ್ಯಾಂಡಿಯಲ್ಲಿ ಕೈ ತಣ್ಣಗಾಗುವ ತೊಂದರೆಯೇ ಇಲ್ಲ. ಕಡ್ಡಿ ಇರುವುದೇ ಅದಕ್ಕಾಗಿ. ಕಡ್ಡಿಯ ಕ್ಯಾಂಡಿಯ ಪೇಟೆಂಟನ್ನು 1924ರಲ್ಲಿ ಪಡೆದ ಅಮೆರಿಕದ ಫ್ರಾಂಕ್ ಎಪರ್ಸನ್ 1905ರಲ್ಲಿ, 11 ವರ್ಷದ ಹುಡುಗನಾಗಿದ್ದಾಗ, ಸೋಡಾ ಪುಡಿ ಬೆರೆಸಿದ ನೀರಿನ ಲೋಟವನ್ನು ಕಲಕುವ ಕಡ್ಡಿಯ ಸಮೇತ ಚಳಿಯ ರಾತ್ರಿ ಹೊರಗೆ ಮರೆತನೆಂದೂ, ಬೆಳಗ್ಗೆ ನೋಡಿದರೆ ಅದು ಕಡ್ಡಿ ಹಿಡಿದು ತಿನ್ನುವಂತಾಗಿತ್ತೆಂದೂ ಹೇಳುತ್ತಾರೆ. ಹುಡುಗ ಕೈಯ ಚಳಿಗೆ ಪರಿಹಾರ ಕೊಟ್ಟ, ಮೊಣಕೈಗೆ ಕೊಡಲಿಲ್ಲ.

ನಿಮಗೆ ಬೇಕಾದದ್ದು ಕಡ್ಡಿಗೆ ತೊಡಿಸುವ ಸಣ್ಣ ಬಟ್ಟಲು. ಇಲ್ಲಿ ನನ್ನ ಮಾತು ತಿರುಗಿದೆ ಎನ್ನಬೇಡಿ: ಕೊಳವೆಯ ಗವಸಿಗೆ ಬೇಡವೆಂದ ಹತ್ತಿಯೇ ಇದಕ್ಕೆ ಬೇಕು, ಏಕೆಂದರೆ ಈ ಬಟ್ಟಲಿನ ಕೆಲಸವೇ ಹೀರಿಕೊಳ್ಳುವುದು. 4 ಸರಪಳಿ ಹಾಕಿ ಮೊದಲನೆಯದಕ್ಕೆ ಸೇರಿಸಿದರೆ ನಡುವೆ ಕಡ್ಡಿ ಬಿಗಿಯಾಗಿ ತೂರುವಷ್ಟು ಕಿಂಡಿ ಉಳಿಯುತ್ತದೆ. ಆ ಕಿಂಡಿಯ ಸುತ್ತ 8 ಗಿಡ್ಡ ಕಂಬ, ಮುಂದಿನ ಸುತ್ತಿಗೆ 16, ಅದರ ಮುಂದಿನದಕ್ಕೆ 24, ನಂತರ 32. ಅಲ್ಲಿಗೆ ನಿಲ್ಲಿಸಿ, ಹೆಚ್ಚಿಸದೆ ನಾಲ್ಕೈದು ಸುತ್ತು ಮೇಲೆತ್ತಿದರೆ ಬಟ್ಟಲಿನ ಅಂಚು ನಿಲ್ಲುತ್ತದೆ. ತುಸು ಬಿಗಿಯಾಗಿ ಹೆಣೆಯಲು ಸೂಜಿಯನ್ನು 3 ಮಿಲಿಮೀಟರಿಗೆ ಇಳಿಸಿ. ಇಡೀ ಕುಲ್ಫಿ ಕರಗಿ ಸುರಿದರೆ ಇದು ತಡೆಯದು, ಆದರೆ ಮೊದಲ ಹತ್ತು ನಿಮಿಷದ ಹನಿಗಳನ್ನು ಖಂಡಿತ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಐಸ್‌ಕ್ರೀಮು ಕಡ್ಡಿಗಳು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಾಗಿರುವುದರಿಂದ ಈಗ ಸಿಗುವುದು ಮರದ ಕಡ್ಡಿ. ಅದರ ಮೈ ತರಿಯಾಗಿರುವುದರಿಂದ ಬಟ್ಟಲು ಜಾರದೆ ಕೂರುತ್ತದೆ, ನಮಗೆ ಅದೂ ಒಳ್ಳೆಯದೇ ಆಯಿತು.

ನಿಮ್ಮ ನೆರೆಹೊರೆಯ ಗೋವಾದ ಹಿರಿಯ ಹೆಂಗಸರಲ್ಲಿ ಕ್ರೋಶಾ ಲೇಸು ಹೆಣೆಯುವವರು ಯಾರಾದರೂ ಇದ್ದರೆ ಒಮ್ಮೆ ತೋರಿಸಿ ಕೇಳಿ. ಬಟ್ಟಲಿನ ಅಂಚಿಗೆ ಅವರು ಹೇಳಿಕೊಡುವ ಚಿಪ್ಪಿನ ನಮೂನೆಯನ್ನು ನಾನು ಇಲ್ಲಿ ಎಷ್ಟು ಬರೆದರೂ ತಿಳಿಸಲಾರೆ.

ಪ್ರಶ್ನೆ: ಮಗಳು ಗವಸನ್ನು ಎಲ್ಲೆಂದರಲ್ಲಿ ಬಿಟ್ಟು ಬರುತ್ತಾಳೆ. ಕುತ್ತಿಗೆಗೆ ಹಾಕಿಕೊಳ್ಳುವಂತೆ ಉದ್ದದ ದಾರ ಸೇರಿಸಬಹುದೇ? (ಠಾಣೆಯ ಓದುಗರು)

ಉತ್ತರ: ದಯವಿಟ್ಟು ಬೇಡ. ಆಡುವ ಮಗುವಿನ ಕುತ್ತಿಗೆಯಲ್ಲಿ ಬಿಚ್ಚದ ದಾರವಿದ್ದರೆ ಅದು ಜಾರುಬಂಡಿಗೋ ಬಾಗಿಲ ಹಿಡಿಗೋ ಸಿಕ್ಕಿ ಉರುಳಾಗಬಹುದು. ಮಣಿಕಟ್ಟಿಗೆ ಸಡಿಲವಾಗಿ ಕೂರುವ ಸರಪಳಿಯ ಕುಣಿಕೆ ಸಾಕು. ಮೂರು ವರ್ಷದೊಳಗಿನ ಮಕ್ಕಳ ಗವಸಿಗೆ ಗುಂಡಿ, ಮಣಿ, ಹೊಳೆಯುವ ಚಕ್ಕೆಗಳನ್ನೂ ಹೊಲಿಯಬೇಡಿ. ಬಾಯಿಯ ಹತ್ತಿರವೇ ಇರುವ ವಸ್ತು, ಕಿತ್ತು ನುಂಗಲು ಹೊತ್ತು ಬೇಕಿಲ್ಲ. ಕಣ್ಣು, ಮೂಗು ಬೇಕೆಂದರೆ ನೂಲಿನಲ್ಲೇ ಕಸೂತಿ ಹಾಕಿ.

ಪ್ರಶ್ನೆ: ನಾವು ಮನೆಯಲ್ಲೇ ಪುನರ್ಪುಳಿ ಶರಬತ್ತು ತುಂಬಿ ಕ್ಯಾಂಡಿ ಮಾಡುತ್ತೇವೆ. ಬಿಳಿ ಗವಸಿನ ಮೇಲೆ ಕೆಂಪು ಕಲೆ ನಿಂತಿದೆ. ಹೋದ ಮಳೆಗಾಲದಲ್ಲಿ ಎತ್ತಿಟ್ಟಿದ್ದವು ಮುಗ್ಗಲು ವಾಸನೆಯನ್ನೂ ಹಿಡಿದಿದ್ದವು. (ಚೆಂಬೂರಿನ ಓದುಗರು)

ಉತ್ತರ: ಪುನರ್ಪುಳಿ, ಮುರುಗಲು, ಕೋಕಂ, ಯಾವ ಹೆಸರಿನಿಂದ ಕರೆದರೂ ಕಲೆ ಒಂದೇ. ಬಿದ್ದ ಕೂಡಲೇ ತಣ್ಣೀರಿನಲ್ಲಿ ತೊಳೆದರೆ ಬಹುಪಾಲು ಬಿಡುತ್ತದೆ, ಸಾಬೂನು ಆಮೇಲೆ. ಅದರ ಕೆಂಪು ಬಣ್ಣ ಹುಳಿಯಲ್ಲಿ ಕೆಂಪಾಗಿದ್ದು ಕ್ಷಾರಕ್ಕೆ ನೀಲಿಯತ್ತ ತಿರುಗುವ ಜಾತಿಯದು, ಆದ್ದರಿಂದ ಹಸಿ ಕಲೆಯ ಮೇಲೆ ನೇರವಾಗಿ ಬಟ್ಟೆಯ ಸಾಬೂನು ಉಜ್ಜಿದರೆ ಕೆಂಪು ಹೋಗಿ ಬೂದು ನೀಲಿ ಉಳಿದು ಇನ್ನಷ್ಟು ಅಸಹ್ಯವಾಗಿ ಕಾಣುತ್ತದೆ. ಒಣಗಿದ ಕಲೆಯ ಮೇಲೆ ನಿಂಬೆರಸ ಹಿಂಡಿ ಅರ್ಧ ಗಂಟೆ ಬಿಟ್ಟು ತೊಳೆದು ನೋಡಿ. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಕೋಕಂ ಮನೆಗಳಲ್ಲಿ ಕಡುಗೆಂಪು ನೂಲಿನಿಂದಲೇ ಹೆಣೆಯುವುದು. ಹಾಗೆ ಮಾಡುವಾಗ ಕೆಂಪು ನೂಲಿನ ತುಂಡೊಂದನ್ನು ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಬಣ್ಣ ಬಿಡುವ ನೂಲನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ನಮ್ಮ ಮನೆಗಳಲ್ಲಿ ನಂಬಿಕೆಯಿದೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವುಂಟು, ಆದರೆ ಬಣ್ಣ ಹಾಕಿ ಮಾರಾಟಕ್ಕೆ ಬಂದ ನೂಲಿನಲ್ಲಿ ಅದು ಹೊಸದಾಗಿ ಏನನ್ನೂ ನಿಲ್ಲಿಸುವುದಿಲ್ಲ. ಅಂಥ ನೂಲನ್ನು ಬಾಯಿಯ ಬಳಿ ಬರುವ ವಸ್ತುವಿಗೆ ಬಳಸದಿರುವುದೇ ಮೇಲು.

ಮುಗ್ಗಲು ವಾಸನೆಗೆ ಮೂಲ ಸಕ್ಕರೆ ಮತ್ತು ತೇವ. ಕಣ್ಣಿಗೆ ಶುಚಿಯಾಗಿ ಕಂಡ ಗವಸಿನಲ್ಲೂ ಸಕ್ಕರೆಯ ಅಂಟು ಉಳಿದಿರುತ್ತದೆ, ಮಳೆಗಾಲದ ತೇವ ಸೇರಿದರೆ ಬೂಸ್ಟಿಗೆ ಹಬ್ಬ. ಮೇ ಕೊನೆಯ ಬಿಸಿಲಿರುವಾಗಲೇ ಬಿಸಿನೀರಿನಲ್ಲಿ ತೊಳೆದು, ಒಳಮೈಯನ್ನು ಹೊರಗೆ ತಿರುವಿ ಎರಡು ದಿನ ಬಿಸಿಲಿಗೆ ಹಾಕಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಅರೆಬರೆ ಒಣಗಿದ್ದನ್ನು ಕಟ್ಟಿಟ್ಟು ಒಮ್ಮೆ ಒಂದು ಡಜನ್ ಗವಸುಗಳನ್ನು ನಾನೇ ಹಾಳುಮಾಡಿಕೊಂಡಿದ್ದೇನೆ. ದಿನಬಳಕೆಗೆ ಮಗುವಿಗೆ ಎರಡರಂತೆ ಇರಲಿ. ಒಂದು ಕೈಯಲ್ಲಿದ್ದರೆ ಒಂದು ಕಿಟಕಿಯಲ್ಲಿ.

ಪ್ರಶ್ನೆ: ಗವಸನ್ನೂ ಫ್ರೀಜರಿನಲ್ಲೇ ಇಟ್ಟರೆ ಕ್ಯಾಂಡಿ ಹೆಚ್ಚು ಹೊತ್ತು ಉಳಿಯುವುದೇ? (ಪಿಂಪರಿಯ ಓದುಗರು)

ಉತ್ತರ: ಹತ್ತು ಗ್ರಾಮಿನಷ್ಟೂ ತೂಗದ ನೂಲು ಹಿಡಿದಿಟ್ಟುಕೊಳ್ಳುವ ತಂಪು ನಗಣ್ಯ. ತುಸು ತೇವವಿದ್ದರಂತೂ ಗವಸು ಕ್ಯಾಂಡಿಗೆ ಕಚ್ಚಿ ಹೆಪ್ಪುಗಟ್ಟುತ್ತದೆ. ಹೊರಗೇ ಇಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವರು ಮುಂದಿನ ಮೇಳದಲ್ಲಿ ಇಂಥ ಗವಸುಗಳನ್ನು ಮಾರಾಟಕ್ಕಿಡಬೇಕೆಂದಿದ್ದೇವೆ. ಬೆಲೆಯನ್ನು ಹೇಗೆ ನಿಗದಿಮಾಡುವುದು? ನೂಲು ಎಲ್ಲಿ ಕೊಳ್ಳುವುದು? (ಗೋರೆಗಾಂವಿನ ಓದುಗರು)

ಉತ್ತರ: ನೂಲಿನ ಖರ್ಚು ತಿಳಿಯಲು ಅಡುಗೆಮನೆಯ ತೂಕದ ಯಂತ್ರ ಸಾಕು. ಹೆಣೆಯುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಉಂಡೆಯನ್ನು ತೂಗಿದರೆ ಒಂದು ಗವಸಿಗೆ ಎಷ್ಟು ಹೋಯಿತೆಂದು ತಿಳಿಯುತ್ತದೆ. ನನ್ನ ಕೈಯಲ್ಲಿ 8ರಿಂದ 10 ಗ್ರಾಂ. ಆದರೆ ನಮ್ಮ ಹೆಂಗಸರು ಎಡವುವುದು ನೂಲಿನ ಲೆಕ್ಕದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ. ‘ಟಿ.ವಿ. ನೋಡುತ್ತಾ ಹೆಣೆದದ್ದು, ಅದಕ್ಕೇನು ಬೆಲೆ’ ಎನ್ನುತ್ತಾ ನೂಲಿನ ಬೆಲೆಗೆ ಹತ್ತು ರೂಪಾಯಿ ಸೇರಿಸಿ ಕೊಟ್ಟುಬಿಡುತ್ತೇವೆ. ಕೈ ಪಳಗಿದವರಿಗೂ ಒಂದು ಗವಸಿಗೆ ಮುಕ್ಕಾಲು ಗಂಟೆ ಬೇಕು. ನಿಮ್ಮ ಬಡಾವಣೆಯಲ್ಲಿ ಬೇರೆ ಮನೆಗೆಲಸಕ್ಕೆ ಗಂಟೆಗೆ ಎಷ್ಟು ಕೊಡುತ್ತೀರೋ ಅದಕ್ಕಿಂತ ಕಡಿಮೆಗೆ ನಿಮ್ಮ ಗಂಟೆಯನ್ನು ಲೆಕ್ಕ ಹಾಕಬೇಡಿ. ಯಂತ್ರದ ಹೆಣಿಗೆ ಅಂಗಡಿ ತುಂಬ ಸಿಗುತ್ತದೆ, ಆದರೆ ನಿಜವಾದ ಕ್ರೋಶಾವನ್ನು ಇಂದಿಗೂ ಕೈಯಲ್ಲೇ ಹೆಣೆಯಬೇಕು. ಬೆಲೆ ಕೇಳಿ ಯಾರಾದರೂ ಹುಬ್ಬೇರಿಸಿದರೆ ಸೂಜಿಯನ್ನು ಅವರ ಕೈಗೆ ಕೊಟ್ಟು ಒಂದು ಸುತ್ತು ಹಾಕಿಸಿ.

ನೂಲಿಗೆ ದಾದರ್ ಪಶ್ಚಿಮದ ಪೇಟೆ ನಿಮಗೆ ಹತ್ತಿರ. ಪುಣೆಗೆ ಹೋಗುವವರಿದ್ದರೆ ತುಳಶೀಬಾಗ್ ಮತ್ತು ರವಿವಾರ ಪೇಟೆಯ ಕಡೆ ಹೇಳಿ ತರಿಸಿಕೊಳ್ಳಿ. ಒಂದೇ ಬಣ್ಣದ ನೂಲನ್ನು ಹಲವರು ಹಂಚಿಕೊಂಡು ಹೆಣೆಯುವುದಾದರೆ ಸುತ್ತಿದ ಚೀಟಿಯ ಮೇಲಿನ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ (ಒಟ್ಟಿಗೇ ಬಣ್ಣ ಹಾಕಿದ ಕಂತಿನ ಗುರುತು) ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಮೇಳದಲ್ಲಿ ಗವಸುಗಳನ್ನು ಬರಿದೇ ರಾಶಿ ಹಾಕಬೇಡಿ. ಐಸ್ ಪೆಟ್ಟಿಗೆಯಲ್ಲಿ ನಾಲ್ಕು ಕ್ಯಾಂಡಿ ಇಟ್ಟುಕೊಂಡು, ಗವಸು ತೊಡಿಸಿದ ಒಂದನ್ನೂ ತೊಡಿಸದ ಒಂದನ್ನೂ ಬಂದವರ ಎರಡು ಕೈಗಳಿಗೆ ಕೊಡಿ.